ಕೋದಂಡಪ್ಪನನ್ನು ಒಯ್ದ ಗಾಡಿ

ಪಾಪಕ್ಕ ಬೆರಳು ಒದ್ದೆ ಮಾಡಿಕೊಂಡು, ಗಂಡನ ತಲೆಯ ಬಳಿ ಉರಿಯುತ್ತಿದ್ದ ಊದುಬತ್ತಿಯ ಕಂತೆಯನ್ನು ಹಿಡಿದು ಹೊಸಕಿದಳು. ಚುಯ್ಯೆಂದು ಸದ್ದಾಯಿತು. ಕಾರಿನ ಸುತ್ತ ನಿಂತಿದ್ದವರು ಮಾತು ನಿಲ್ಲಿಸಿ ಅವಳನ್ನೇ ನೋಡಿದರು.

“ಏನ್ ಮಾಡ್ದೆ ತಾಯಿ?” ಎಂದ ಮುನಿನಾರಾಯಣಪ್ಪ. ಅವನು ಸತ್ತವನ ಅಣ್ಣ; ಸುದ್ದಿ ಮುಟ್ಟಿದ ಕೂಡಲೇ ಬಂಗಾರಪೇಟೆಯ ಆಚೆಗಿನ ತನ್ನ ಹಳ್ಳಿಯಿಂದ ಹೊರಟು ಬಂದಿದ್ದ. “ಎಣದ ಮುಂದೆ ಅಚ್ಚಿದ್ದನ್ನ ಯಾರಾದ್ರೂ ಆರಿಸ್ತಾರಾ?”

“ಈ ಗಾಡಿ ಒಳ್ಗೆ ಬೆಂಕಿ ಬ್ಯಾಡ ಬಾವ.”

ಅವಳ ದನಿ ನಡುಗುತ್ತಿತ್ತು. ದುಃಖಕ್ಕೆ ನಡುಗುತ್ತಿದೆ ಎಂದುಕೊಂಡು ಹೆಂಗಸರು ಹತ್ತಿರ ಬಂದು ಅವಳ ಬೆನ್ನು ಸವರಿದರು. ದುಃಖ ಇನ್ನೂ ಅವಳ ಹತ್ತಿರಕ್ಕೆ ಬಂದಿರಲಿಲ್ಲ. ನಿನ್ನೆ ಮಧ್ಯಾಹ್ನ ಕೋದಂಡಪ್ಪ ಎದೆ ಹಿಡಿದುಕೊಂಡು ಕುಸಿದದ್ದು ಇದೇ ಕಾರಿನ ಪಕ್ಕದಲ್ಲಿ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದೆ, ಹೊಂಗೆ ಮರದ ಕೆಳಗೆ, ಬೆಳಗಿನಿಂದ ಅವನು ಇದರ ವೈರುಗಳಲ್ಲಿ ತೊಂದರೆ ಹುಡುಕುತ್ತಿದ್ದ. ಹುಡುಕಿದ್ದು ಸಿಕ್ಕಿರಲಿಲ್ಲ. ಈಗ ಅವನನ್ನು ಅದರಲ್ಲೇ ಮಲಗಿಸಿದ್ದರು. ಹಿಂದಿನ ಸೀಟು ಕಿತ್ತು, ಹಲಗೆಯನ್ನು ಓರೆಯಾಗಿ ಹಾಸಿ, ಹೆಣ ಜಾರದಂತೆ ಹಗ್ಗ ಬಿಗಿದಿದ್ದರು.

ಬೇರೆ ದಾರಿ ಇರಲಿಲ್ಲ. ಯುದ್ಧದ ಕಾಲ, ಪೆಟ್ರೋಲು ಕೂಪನ್ನಿದ್ದವರಿಗಷ್ಟೇ ಸಿಗುತ್ತಿತ್ತು. ಮಾರಿಕುಪ್ಪಂ ರೈಲಿಗೆ ಹೆಣ ಹತ್ತಿಸುವುದಿಲ್ಲ ಎಂದಿದ್ದರು. ಎತ್ತಿನ ಗಾಡಿಯಲ್ಲಿ ಹೊರಟರೆ ಅಣ್ಣತಮ್ಮಂದಿರ ಹುಟ್ಟೂರು ಸೇರುವ ಹೊತ್ತಿಗೆ ಕತ್ತಲು. ಹೊತ್ತು ಮುಳುಗುವ ಮುಂಚೆ ಮಣ್ಣಾಗಬೇಕು ಎಂಬುದು ಮುನಿನಾರಾಯಣಪ್ಪನ ಹಟ. ಟ್ಯಾಂಕಿಯಲ್ಲಿ ಪೆಟ್ರೋಲು ಇದ್ದದ್ದು ಚಿಕ್ಕವೆಂಕಟಪ್ಪನ ಈ ಬಾಡಿಗೆ ಕಾರಿನಲ್ಲಿ ಮಾತ್ರ.

“ಚಿಕ್ಕವೆಂಕಟಪ್ಪ, ಇದ್ರ ತೊಂದ್ರೆ ಎಲ್ಲೈತೆ ಅಂತ ಅವ್ರಿಗೆ ಸಿಕ್ಕಿರ್ಲಿಲ್ಲ” ಎಂದಳು ಪಾಪಕ್ಕ.

“ಲೈಟು ಮಿಣಕ್ತಿತ್ತು ಅಷ್ಟೇ ಕಣಕ್ಕ. ಅಗಲೊತ್ತಲ್ಲಿ ಲೈಟ್ಯಾಕೆ?” ಅವನು ಒಳ್ಳೆಯವನೇ, ಮುಖ ಅತ್ತು ಊದಿಕೊಂಡಿತ್ತು. “ಕೋದಂಡಣ್ಣ ಬಿಚ್ಚಿಟ್ಟಿದ್ದ ಬ್ಯಾಟ್ರಿ ವೈರು ನಾನೇ ಆಕಿದೀನಿ. ಒಂದೇ ಏಟ್ಗೆ ಸ್ಟಾರ್ಟ್ ಆಯ್ತು.”

“ಸ್ಟಾರ್ಟ್ ಆಗೋದು ಬೇರೆ.”

ಅಷ್ಟರಲ್ಲಿ ಮಗಳು ನರಸಮ್ಮ ಮೊಲೆಗೂಸನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಆ ಜಾತಿಯ ಗಾಡಿಗಳಲ್ಲಿ ಪೆಟ್ರೋಲು ಟ್ಯಾಂಕಿ ಇರುವುದು ಹಿಂದೆಯಲ್ಲ, ಕೂತವರ ಮೊಣಕಾಲಿನ ಎದುರಿಗೇ; ಅದರ ಕೆಳಗೇ ವೈರುಗಳ ಗೊಂಚಲು. ಕೂಸು ಕಾಲು ಚಾಚಿ ಆ ತಗಡನ್ನು ಒದೆಯುತ್ತಿತ್ತು.

“ನರಸೂ, ನೀನು ಇಂದ್ಗಡೆ ಬಾ.”

“ಇಂದ್ಗಡೆ ಎಲ್ಲಮ್ಮ ಜಾಗ? ನೀನು, ದೊಡ್ಡಪ್ಪ, ಅಪ್ಪಯ್ಯ...” ಎನ್ನುತ್ತ ನರಸಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು.

ಪಾಪಕ್ಕ ಹಲಗೆಯ ಪಕ್ಕದ ಇರುಕಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಗಾಡಿ ಹೊರಟಿತು.

* * *

ಕೋದಂಡಪ್ಪ ಹೆದರುವ ಮನುಷ್ಯ. ಪೇಟೆಯ ಡ್ರೈವರುಗಳು ಅವನನ್ನು ಪುಕ್ಕಲ ಕೋದಂಡಪ್ಪ ಎಂದೇ ಕರೆಯುತ್ತಿದ್ದರು. ಎದುರಿಗೆ ಕರೆದರೂ ಅವನಿಗೆ ಸಿಟ್ಟಿರಲಿಲ್ಲ.

ಮೀಸೆ ಮೂಡುವ ವಯಸ್ಸಿನಲ್ಲಿ ಅವನು ಚಿನ್ನದ ಗಣಿಗೆ ಇಳಿಯಲು ಹೆದರಿ, ಜವಳಿ ವ್ಯಾಪಾರಿಯೊಬ್ಬನ ಕಾರಿಗೆ ಕ್ಲೀನರಾಗಿ ಸೇರಿದ್ದ. ಡ್ರೈವರು ಕುಪ್ಪುಸ್ವಾಮಿ. ಅವನು ಹಾಡಿಕೊಂಡೇ ಗಾಡಿ ಬಿಡುವವನು. ಒಂದು ದಿನ ಚಾಂಪಿಯನ್ ರೀಫ್ಸ್ ಗಣಿಯ ಇಳಿಜಾರಿನಲ್ಲಿ ಸ್ಟಿಯರಿಂಗಿನ ಕೆಳಗಿನಿಂದ ಹೊಗೆ ಬಂತು. ಹೊಗೆಯ ಹಿಂದೆಯೇ ಬೆಂಕಿ. ಗಾಡಿಯ ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದ ಕೋದಂಡಪ್ಪ ಹಾರಿಕೊಂಡ. ಕುಪ್ಪುಸ್ವಾಮಿಯ ಕಡೆಯ ಬಾಗಿಲು ತೆಗೆಯಲಿಲ್ಲ. ಕಾದ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಕೋದಂಡಪ್ಪ ಎಳೆದ; ಎಳೆಯುತ್ತಲೇ ಇದ್ದ. ಬಾಗಿಲು ಬಂದಾಗ ಅಂಗೈಯ ಚರ್ಮ ಅದಕ್ಕೇ ಅಂಟಿಕೊಂಡಿತ್ತು. ಒಳಗೆ ಹಾಡುವವನು ಉಳಿದಿರಲಿಲ್ಲ.

ಕೈ ವಾಸಿಯಾಗುವವರೆಗೂ ಅವನು ಸಿಕ್ಕ ಸಿಕ್ಕ ಮೆಕ್ಯಾನಿಕ್ಕುಗಳನ್ನು ಕೇಳಿದ್ದು ಒಂದೇ: ಬೆಂಕಿ ಎಲ್ಲಿಂದ ಬಂತು? ಕೊನೆಗೊಬ್ಬ ಹೇಳಿದ. ವೈರಿಗೆ ಸುತ್ತಿದ ಬಟ್ಟೆ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಒಳಗಿನ ತಾಮ್ರ ತಗಡಿಗೆ ತಾಗಿದರೆ ವೈರು ಒಲೆಯೊಳಗಿನ ಸರಳಿನ ಹಾಗೆ ಕಾಯುತ್ತದೆ. ಅದು ಸವೆಯುವಾಗ ಸದ್ದಿಲ್ಲ, ವಾಸನೆಯಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಗೊತ್ತಾಗುವುದಿಲ್ಲ ಎಂಬ ಆ ಮಾತು ಅವನೊಳಗೆ ಕೂತುಬಿಟ್ಟಿತು. ಅಂದಿನಿಂದ ವೈರೇ ಅವನ ಕಸುಬಾಯಿತು. ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿಕೊಂಡು, ಒಂದನ್ನು ಇಲ್ಲಿ ಮುಟ್ಟಿಸಿ, ಇನ್ನೊಂದನ್ನು ಅಲ್ಲಿ ಮುಟ್ಟಿಸಿ, ಬೆಳಕು ಎಲ್ಲಿವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗೇಣು ಗೇಣಾಗಿ ಹುಡುಕುತ್ತಿದ್ದ. ಆದರೆ ಸುಟ್ಟ ಅಂಗೈಗೆ, ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಕಣ್ಣಿಗೆ ಕಾಣದ ಮೂಲೆಯಲ್ಲಿ ವೈರಿನ ಬಟ್ಟೆ ನುಣುಪಾಗಿದೆಯೋ ಜುಂಗೆದ್ದಿದೆಯೋ ಅವನಿಗೆ ತಿಳಿಯುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಪಾಪಕ್ಕ ಅವನಿಗೆ ಊಟ ತಂದಿದ್ದಳು. ಕಾರಿನ ಕೆಳಗಿನಿಂದ ಅವನು, “ನಿನ್ ಬೆಳ್ಳು ಒಸಿ ಕೊಡು” ಎಂದ. ಅವಳು ನಾಚಿಕೊಂಡು ಸುತ್ತಮುತ್ತ ನೋಡಿ ಕೈ ತೂರಿಸಿದಳು. ಅವನು ಅವಳ ಬೆರಳನ್ನು ಹಿಡಿದು ವೈರಿನ ಮೇಲೆ ಮೆಲ್ಲಗೆ ಎಳೆದುಕೊಂಡು ಹೋದ.

“ಏನನಿಸ್ತದೆ?”

“ಹೂಂ... ಬತ್ತಿ ಇದ್ದಂಗೈತೆ.”

“ಇಲ್ಲಿ?”

“ಇಲ್ಲಿ ಕಂಬ್ಳಿಹುಳ ಇದ್ದಂಗೈತೆ.”

“ಅದೇ” ಎಂದ ಅವನು. ಆಮೇಲೆ ಸುಮಾರು ಹೊತ್ತು ಅವಳ ಬೆರಳು ಬಿಡಲಿಲ್ಲ.

ಅವಳು ಊಟ ತಂದಾಗಲೆಲ್ಲ ಹೀಗೇ ನಡೆಯಿತು. ಅವನಿಗೆ ಗೊತ್ತಿದ್ದದ್ದು ಅವಳಿಗೂ ಗೊತ್ತಾಯಿತು. ಗೊತ್ತಿರುವುದರ ಜೊತೆಗೆ ಅವನ ಭಯವೂ ಬಂತು. “ಏನೇ ಆಗ್ಲಿ, ಮೊದ್ಲು ಬ್ಯಾಟ್ರಿ ಬಿಡಿಸ್ಬೇಕು” ಎನ್ನುತ್ತಿದ್ದ. “ಅಳೋದು, ಕೂಗೋದು ಎಲ್ಲಾ ಆಮೇಲೆ.”

* * *

ಬಂಗಾರಪೇಟೆ ದಾಟುವವರೆಗೂ ಪಾಪಕ್ಕ ಗಂಡನ ಮುಖವನ್ನು ಒಂದು ಸಲವೂ ನೋಡಲಿಲ್ಲ. ಡ್ರೈವರಿನ ಹೆಗಲ ಮೇಲಿಂದ ಅವಳ ಕಣ್ಣು, ಬ್ಯಾಟರಿಯ ಕರೆಂಟು ಸೋರಿದರೆ ಎಡಕ್ಕೆ ವಾಲುವ ಮುಳ್ಳಿನ ಮೇಲೇ ಇತ್ತು. ರಸ್ತೆಯ ಗುಂಡಿಗೆ ಗಾಡಿ ಕುಲುಕಿದಾಗಲೆಲ್ಲ ಮುಳ್ಳು ಎಡಕ್ಕೆ ಹೊಡೆದು ಮತ್ತೆ ನಡುವಿಗೆ ಬರುತ್ತಿತ್ತು. ಬಂದಾಗಲೆಲ್ಲ ಅವಳು ಉಸಿರು ಬಿಡುತ್ತಿದ್ದಳು.

“ಮುಖ ನೋಡ್ಕೊ ತಾಯಿ, ಇನ್ನು ಸಿಕ್ಕಲ್ಲ” ಎಂದ ಮುನಿನಾರಾಯಣಪ್ಪ ಮೆತ್ತಗೆ.

ಅವಳು ತಲೆಯಾಡಿಸಿದಳು. ಮುಳ್ಳಿನಿಂದ ಕಣ್ಣು ಕೀಳಲಿಲ್ಲ.

ಡಾಂಬರು ಮುಗಿದು ಮಣ್ಣಿನ ರಸ್ತೆ ಬಂತು. ಚಕ್ರವೊಂದು ಕಲ್ಲು ಹತ್ತಿ ಇಳಿಯಿತು. ಮುಳ್ಳು ಎಡಕ್ಕೆ ಬಿತ್ತು, ಅಲ್ಲೇ ನಿಂತಿತು.

“ಅಮ್ಮ, ಏನೋ ವಾಸ್ನೆ” ಎಂದಳು ನರಸಮ್ಮ.

“ಊದ್ಬತ್ತೀದು ಬಿಡಮ್ಮ” ಎಂದ ಚಿಕ್ಕವೆಂಕಟಪ್ಪ.

“ನಿಲ್ಸು” ಎಂದಳು ಪಾಪಕ್ಕ. ದನಿ ಹೊರಡಲಿಲ್ಲ. ಕೈ ಮುಂದೆ ಮಾಡಿ ಅವನ ಅಂಗಿಯ ಕತ್ತುಪಟ್ಟಿಯನ್ನು ಹಿಡಿದು ಹಿಂದಕ್ಕೆ ಜಗ್ಗಿದಳು. “ನಿಲ್ಸೋ! ಕೂಸನ್ನ ಇಳಿಸು!”

ಗಾಡಿ ಅಡ್ಡಾದಿಡ್ಡಿ ನಿಂತಿತು. ಟ್ಯಾಂಕಿಯ ಕೆಳಗಿನಿಂದ ಬಿಳಿ ಹೊಗೆ ಎಳೆ ಎಳೆಯಾಗಿ ಬಂದು ನರಸಮ್ಮನ ಮೊಣಕಾಲನ್ನು ಸುತ್ತುತ್ತಿತ್ತು. ಅವಳು ಕೂಸನ್ನು ಅವಚಿಕೊಂಡು ಧುಮುಕಿ ಮಂಡಿಯ ಮೇಲೆ ಬಿದ್ದಳು. ಚಿಕ್ಕವೆಂಕಟಪ್ಪ ಓಡಿ ಹೋಗಿ ಬೇಲಿಯ ಹತ್ತಿರ ನಿಂತ. ಮುನಿನಾರಾಯಣಪ್ಪನೂ ಇಳಿದು ಓಡಿದವನು, ಥಟ್ಟನೆ ತಿರುಗಿ, “ತಮ್ಮ ಒಳ್ಗವ್ನೆ!” ಎಂದ. ಆದರೆ ಕಾಲು ಮುಂದಕ್ಕೆ ಬರಲಿಲ್ಲ.

ಪಾಪಕ್ಕನೂ ಇಳಿದಿದ್ದಳು. ಓಡಬೇಕು ಎಂದು ಮೈಯೆಲ್ಲ ಹೇಳುತ್ತಿತ್ತು. ಮೊದ್ಲು ಬ್ಯಾಟ್ರಿ. ಅವಳು ಡ್ರೈವರಿನ ಕಡೆಗೆ ಸುತ್ತಿ ಬಂದು, ಕಾಲಿಡುವ ಜಾಗದಲ್ಲಿದ್ದ ಬ್ಯಾಟರಿಯ ಮುಚ್ಚಳ ಕಿತ್ತೆಸೆದು, ಕೈ ಇಳಿಸಿದಳು. ಹೊಗೆ ಕಣ್ಣಿಗೆ, ಗಂಟಲಿಗೆ ಹೊಕ್ಕಿತು. ಸಂಜೆ ಹೇಗೂ ಒಡೆಯಬೇಕಾಗಿದ್ದ ಬಳೆಗಳಲ್ಲಿ ಒಂದು ಅಲ್ಲೇ ಒಡೆಯಿತು. ಚಿಕ್ಕವೆಂಕಟಪ್ಪ ಬೆಳಗ್ಗೆ ಸ್ಪ್ಯಾನರಿಲ್ಲದೆ ಬರಿಗೈಯಲ್ಲೇ ತಿರುಗಿಸಿದ್ದರಿಂದ ಬ್ಯಾಟರಿಯ ನಟ್ಟು ಸಡಿಲವಾಗಿತ್ತು. ಅವಳು ಎರಡೂ ಕೈಯಲ್ಲಿ ತಿರುಚಿ ಎಳೆದಾಗ ವೈರು ಕಿಡಿ ಹಾರಿಸಿ ಕಳಚಿಕೊಂಡಿತು.

ಹೊಗೆ ತೆಳ್ಳಗಾಯಿತು. ನಿಂತಿತು.

ಕೂಸು ಅಳುತ್ತಿತ್ತು. ಪಾಪಕ್ಕ ಗಾಡಿಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಎದ್ದು, ಟ್ಯಾಂಕಿಯ ಕೆಳಗೆ ಕೈ ತೂರಿಸಿದಳು. ಬೆರಳು ವೈರಿನ ಗುಂಟ ಹೋಯಿತು. ಬತ್ತಿ. ಬತ್ತಿ. ಆಮೇಲೆ ತಗಡಿನ ತೂತಿನ ಅಂಚಿನಲ್ಲಿ ಕಂಬಳಿಹುಳ. ನಡುವೆ ಬರೀ ತಾಮ್ರ, ಇನ್ನೂ ಸುಡುತ್ತಿದ್ದ ತಾಮ್ರ. ನಿನ್ನೆ ಬೆಳಗಿನಿಂದ ಅವನು ಹುಡುಕುತ್ತಿದ್ದದ್ದು ಇಲ್ಲಿತ್ತು. ಅವಳು ಊಟ ತೆಗೆದುಕೊಂಡು ಹೋಗುವ ಮುಂಚೆಯೇ ಅವನು ಕುಸಿದಿದ್ದ.

ಅವಳು ಸೆರಗಿನ ಅಂಚು ಹರಿದು, ವೈರನ್ನು ತಗಡಿನಿಂದ ಬಿಡಿಸಿ, ಬಿಗಿಯಾಗಿ ಸುತ್ತಿ ಕಟ್ಟಿದಳು.

ಚಿಕ್ಕವೆಂಕಟಪ್ಪ ಹತ್ತಿರ ಬಂದು ಬ್ಯಾಟರಿ ಸಿಕ್ಕಿಸಿದ. ಮುಳ್ಳು ನಡುವಿಗೆ ಬಂತು. ಹ್ಯಾಂಡಲು ತಿರುಗಿಸಿದರೆ ಎಂಜಿನ್ನೂ ಶುರುವಾಯಿತು. ಅವನ ಮುಖಕ್ಕೆ ಕಳೆ ಬಂತು. “ಆಯ್ತು ಕಣಕ್ಕ. ಗಾಡಿ ಅತ್ತಿ, ಅತ್ತಿ. ಒತ್ತು ಇಳೀತೈತೆ.”

ನರಸಮ್ಮ ಕೂಸಿನೊಂದಿಗೆ ಮುಂದಿನ ಬಾಗಿಲಿಗೆ ಬಂದಳು. ಪಾಪಕ್ಕ ಅಡ್ಡ ನಿಂತಳು.

“ಬ್ಯಾಡ.”

“ಯಾಕಮ್ಮ? ನೀನೇ ಸರಿಮಾಡ್ದೆಯಲ್ಲ.”

“ಕಂಡಿದ್ದನ್ನ ಸುತ್ತಿದೀನಿ. ವೈರು ಆ ಕಡೆಯಿಂದ ಈ ಕಡೆಗಂಟ ಕಾದೈತೆ. ಕಾಲಿಡೋ ಅಲಗೆ ಕೆಳ್ಗಿರೋದು ಎಂಗೈತೋ ನನ್ಗೆ ಕಾಣ್ಸಿಲ್ಲ.”

“ಅಲಗೆ ಬಿಚ್ಚೋಕೆ ಸಾಮಾನಿಲ್ಲ. ಇನ್ನೊಂದು ಮೈಲಿ ಅಷ್ಟೇ ಅಕ್ಕ” ಎಂದ ಚಿಕ್ಕವೆಂಕಟಪ್ಪ. “ಸುಮ್ನೆ ಎದರ್ಕೋತೀಯ.”

“ಊಂ, ನನ್ಗೆ ಎದ್ರಿಕೆ” ಎಂದಳು ಪಾಪಕ್ಕ. ಕೆಳಗೆ ಬಗ್ಗಿ ಬ್ಯಾಟರಿಯ ವೈರನ್ನು ಮತ್ತೆ ಕಿತ್ತಳು. ಎಂಜಿನ್ನು ಕೆಮ್ಮಿ ನಿಂತಿತು.

ಚಿಕ್ಕವೆಂಕಟಪ್ಪ ಮುನಿನಾರಾಯಣಪ್ಪನ ಕಡೆ ನೋಡಿದ, ನೀವಾದರೂ ಹೇಳಿ ಎನ್ನುವ ಹಾಗೆ. ಮುನಿನಾರಾಯಣಪ್ಪ ಹೊತ್ತನ್ನು ನೋಡಿದ. ಹಲಗೆಯ ಮೇಲಿದ್ದ ತಮ್ಮನನ್ನು ನೋಡಿದ. ಹೊಗೆಗೆ ಆ ಮುಖ ಸ್ವಲ್ಪ ಕಪ್ಪಿಟ್ಟಿತ್ತು. ಮುನಿನಾರಾಯಣಪ್ಪ ಹೆಗಲ ವಸ್ತ್ರದ ತುದಿಯಿಂದ ಅದನ್ನು ಒರೆಸಿದ.

“ಇವ್ನೂ ಇಂಗೇ” ಎಂದ. “ಚಿಕ್ಕೋನಾಗಿದ್ದಾಗ ಬಾವಿ ಅತ್ರ ನಾನು ಬಗ್ಗಿದ್ರೆ ಇಂದಿನಿಂದ ನನ್ ಪಂಚೆ ಇಡ್ಕೊಂಡು ನಿಂತಿರೋನು. ಎಷ್ಟು ಒದ್ರೂ ಬಿಡ್ತಿರ್ಲಿಲ್ಲ.” ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡ. “ಕತ್ಲಾದ್ರೆ ಆಗ್ಲಿ. ಎತ್ತು ತತ್ತೀನಿ.”

ಅವನು ಹೊಲದ ದಾರಿ ಹಿಡಿದು ಹೋದ.

* * *

ಎತ್ತುಗಳು ಕಾರನ್ನು ಎಳೆದುಕೊಂಡು ಊರೊಳಗೆ ಬಂದವು. ಮಣ್ಣಿನ ಕೆಲಸ ಮುಗಿಯುವ ಹೊತ್ತಿಗೆ ಪಡುವಣದ ಕಡೆ ಒಂದಿಷ್ಟು ಕೆಂಪು ಉಳಿದಿತ್ತು. ಹೆಂಗಸರು ಪಾಪಕ್ಕನನ್ನು ಬಾವಿಯ ಹತ್ತಿರ ಕೂರಿಸಿ ತಲೆಗೆ ನೀರು ಹೊಯ್ದರು. ಉಳಿದ ಬಳೆಗಳು ಹೋಗಿದ್ದವು. ಅವಳು ಅತ್ತಳು, ಊರಿಗೆಲ್ಲ ಕೇಳುವ ಹಾಗೆ.

ಅತ್ತು ಸಾಕಾಗಿ ತಲೆ ಎತ್ತಿದಾಗ ಚಿಕ್ಕವೆಂಕಟಪ್ಪ ಕಂಡ. ಕಮ್ಮಾರನ ಮನೆಯಿಂದ ಸ್ಪ್ಯಾನರು ತಂದು ಅವನು ಕಾರಿನ ಮುಂದಿನ ಸೀಟು ಎತ್ತಿ ಪಕ್ಕಕ್ಕಿಟ್ಟಿದ್ದ. ಕಾಲಿಡುವ ಹಲಗೆಯ ಬೋಲ್ಟು ಬಿಚ್ಚುತ್ತಿದ್ದ. ಹಲಗೆ ಎದ್ದಿತು. ಅವನು ಅದನ್ನು ಮಗುಚಿ ನೋಡಿದ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ, ಹಲಗೆ ಮಡಿಲಲ್ಲಿ.

ಕೂಸನ್ನು ಸೊಂಟದಲ್ಲಿಟ್ಟುಕೊಂಡು ನರಸಮ್ಮ ಅತ್ತ ಹೋದಳು. ಹಲಗೆಯ ಅಡಿಭಾಗದಲ್ಲಿ, ವೈರು ಹಾದಿದ್ದ ಉದ್ದಕ್ಕೂ, ಮರ ಸುಟ್ಟು ಕರಿಯ ಗೀರು ಬಿದ್ದಿತ್ತು. ಅವಳು ಪಾದ ಇಟ್ಟುಕೊಂಡಿದ್ದ ಕಡೆ ಗೀರು ಅಗಲವಾಗಿ, ಹೆಬ್ಬೆರಳು ತೂರುವಷ್ಟು ಆಳಕ್ಕೆ ಮರವನ್ನು ತಿಂದಿತ್ತು. ಹಲಗೆ ಎದ್ದ ಜಾಗದಲ್ಲಿ ಮೈ ಬಿಟ್ಟ ತಾಮ್ರದ ವೈರು, ಆ ಕೊನೆಯ ಮೈಲಿಯ ಕುಲುಕಾಟಕ್ಕೆ ಜಾರಿ, ಪೆಟ್ರೋಲಿನ ಪೈಪಿಗೆ ಒರಗಿಕೊಂಡಿತ್ತು.

ನರಸಮ್ಮ ಕೂಸನ್ನು ಕಾರಿನ ಕಡೆಯ ಸೊಂಟದಿಂದ ತೆಗೆದು ಈಚೆಯ ಸೊಂಟಕ್ಕೆ ಹಾಕಿಕೊಂಡಳು.