ಘಜಾಲಾಳ ಮಡಕೆ

ಶುಕ್ರವಾರ ಮಧ್ಯಾಹ್ನ ಜೆರ್ಬಾ ದ್ವೀಪದ ಯಹೂದಿ ಕೇರಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹೊತ್ತು ಮುಳುಗಿದರೆ ಸಬ್ಬತ್ತು, ವಾರದ ವಿಶ್ರಾಂತಿಯ ದಿನ. ಆಮೇಲೆ ಒಲೆ ಹೊತ್ತಿಸುವ ಹಾಗಿಲ್ಲ. ಆ ಗಡಿಬಿಡಿಯಲ್ಲಿ ಕಮೂನಾ ಒಂದು ಕೈಯಲ್ಲಿ ಕೂಸಿನ ಹಾಲಿನ ಲೋಟ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಕುದಿಯುತ್ತಿದ್ದ ಮಾಂಸದ ಮಡಕೆಯ ಮುಚ್ಚಳ ತೆಗೆದಳು. ಬುದ್ಧಿ ನೆಟ್ಟಗಿದ್ದವರು ಮಾಡುವ ಕೆಲಸವೇ ಅದು? ಆವಿ ರಾಚಿತು, ಲೋಟ ಜಾರಿತು, ಹಾಲೆಲ್ಲ ಮಾಂಸದೊಳಗೆ.

ಅವರ ಧರ್ಮದ ಪ್ರಕಾರ ಹಾಲು ಬೆರೆತು ಬೆಂದ ಮಾಂಸವನ್ನು ನಾಯಿಗೂ ಹಾಕುವಂತಿಲ್ಲ. ಊಟ ಹೋದರೆ ಹಾಳಾಗಿ ಹೋಗಲಿ, ಮಡಕೆಯ ಗತಿ? ಅದು ಹೋದ ವರ್ಷ ಹೆರಿಗೆಯಲ್ಲಿ ತೀರಿಕೊಂಡ ನಾದಿನಿ ಘಜಾಲಾಳದು. ಅತ್ತೆ ಮೆಸವೂದಾ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಈ ವಾರ ಮೊದಲ ಸಲ ಸೊಸೆಯನ್ನು ನಂಬಿ ಕೊಟ್ಟಿದ್ದಳು.

ಅತ್ತೆ ಒಳಬಂದು ಮಡಕೆಯೊಳಗೆ ಇಣುಕಿದಳು. ಸೊಸೆಯನ್ನು ಕರೆದುಕೊಂಡು ಸೀದಾ ಧರ್ಮಗುರು ರಬ್ಬಿ ಶೂಶಾನರ ಮನೆಗೆ ನಡೆದಳು.

"ಮಡಕೆ ತಾಮ್ರದ್ದೋ, ಮಣ್ಣಿಂದೋ?" ಎಂದರು ರಬ್ಬಿ.

"ಮಣ್ಣಿಂದು," ಎಂದಳು ಅತ್ತೆ.

"ತಾಮ್ರದ್ದಾಗಿದ್ರೆ ಒಂದು ದಿನ ಬಿಟ್ಟು ಕುದಿಯೋ ನೀರಲ್ಲಿ ಅದ್ದಿ ತೆಗೀರಿ ಅಂತಿದ್ದೆ. ಮಣ್ಣು ಕುಡಿದಿದ್ದನ್ನ ಬಿಟ್ಟುಕೊಡಲ್ಲ ತಾಯಿ, ಒಡೀಲೇಬೇಕು. ಆದ್ರೆ ಹಾಲು ಅಡುಗೆಯ ಅರವತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ ಇದ್ರೆ ಲೆಕ್ಕಕ್ಕಿಲ್ಲ. ಊಟಾನೂ ಉಳೀತು, ಮಡಕೇನೂ ಉಳೀತು. ಎಷ್ಟು ಬಿತ್ತು?"

"ಒಂದು ಚಮಚ ಇರ್ಬೇಕು. ಅಲ್ವೇನೇ?" ಮೆಸವೂದಾ ಸೊಸೆಯ ತೋಳನ್ನು ಉಗುರು ಊರುವಂತೆ ಹಿಡಿದಳು.

"ಚೆಲ್ಲಿದೋಳು ಅವಳು. ಅವಳೇ ಹೇಳ್ಲಿ," ಎಂದರು ರಬ್ಬಿ.

ಕಮೂನಾ ಹೂಂ ಅಂದರೆ ಮುಗಿಯಿತು. ಯಾರು ಬಂದು ಅಳೆಯುತ್ತಾರೆ? ಅತ್ತೆಯ ಮುಖ ನೋಡಲು ಅವಳಿಗೆ ಭಯವಾಯಿತು. ಆದರೆ ರಾತ್ರಿ ಗಂಡ ಪ್ರಾರ್ಥನೆ ಹೇಳಿ ಆ ಮಾಂಸಕ್ಕೆ ಕೈಹಾಕುವುದು ಕಣ್ಣಿಗೆ ಕಟ್ಟಿತು.

"ತುಂಬಿದ ಲೋಟ, ರಬ್ಬಿಗಳೇ," ಎಂದಳು.

ತೋಳಿನ ಮೇಲಿನ ಹಿಡಿತ ಬಿಟ್ಟುಹೋಯಿತು. ದಾರಿಯುದ್ದಕ್ಕೂ ಅತ್ತೆ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆಗೆ ಬಂದವಳೇ ಅಡುಗೆಯನ್ನು ಗುಂಡಿಗೆ ಸುರಿದಳು, ಮಡಕೆಯನ್ನು ಅಂಗಳದ ಕಲ್ಲಿಗೆ ಬಡಿದಳು. ಮೂರನೇ ಏಟಿಗೆ ಅದು ಒಡೆಯಿತು.

"ಅತ್ತೆ, ಬೈದುಬಿಡಿ ನನ್ನ. ಸುಮ್ನಿರ್ಬೇಡಿ."

ಮೆಸವೂದಾ ಚೂರುಗಳ ನಡುವೆ ಕುಕ್ಕರಿಸಿದಳು.

"ಏನಂತ ಬೈಲಿ? ಲೋಟ ಬೀಳೋವಾಗ ನಾನು ಬಾಗಿಲಲ್ಲೇ ಇದ್ದೆ ಕಣೇ. ಪೂರ್ತಿ ಚೆಲ್ಲಿದ್ದು ಕಣ್ಣಾರೆ ಕಂಡೆ. ಕಂಡೂ ನಿಮ್ಮೆಲ್ಲರಿಗೂ ಅದನ್ನೇ ಬಡಿಸ್ತಿದ್ದೆ."