ಏಳು ಮೋಡ್

ಸ್ಕೂಲು ಬಿಟ್ಟ ಮೇಲೆ ಇನ್ನೊಬ್ಬ ಮೇಷ್ಟ್ರ ಕೈಗೆ ಸಿಗಬಾರದು ಎಂದುಕೊಂಡಿದ್ದೆ. ಗಿಟಾರಿನ ಹುಚ್ಚು ಹಿಡಿದು ಸಿಕ್ಕಿಬಿದ್ದೆ. ಡ್ರೈಕ್ಲೀನಿಂಗ್ ಅಂಗಡಿಯ ಮೇಲೊಂದು ಕೋಣೆ, ಕೆಳಗಿನಿಂದ ಇಸ್ತ್ರಿಯ ಹಬೆ, ನಡುವೆ ಕಣ್ಣು ಮುಚ್ಚಿಕೊಂಡು ಕೂತ ನಮ್ಮ ಗಿಟಾರ್ ಮೇಷ್ಟ್ರು.

"ಹಾಡು ಯಾರ್ ಬೇಕಾದ್ರೂ ನುಡಿಸ್ತಾರೆ. ಮೊದಲು ಏಳು ಮೋಡ್ ಕಲಿ."

ಮೋಡ್ ಎಂದರೆ ಅವರ ಲೆಕ್ಕದಲ್ಲಿ ಇಷ್ಟೇ: ಸಿ ಮೇಜರ್ ಸ್ಕೇಲಿನ ಸ್ವರಗಳನ್ನೇ ಸಿಯಿಂದ ಶುರು ಮಾಡಿದರೆ ಅಯೋನಿಯನ್, ಡಿಯಿಂದ ಶುರು ಮಾಡಿದರೆ ಡೋರಿಯನ್, ಹೀಗೇ ಮುಂದಕ್ಕೆ. "ಡೋರಿಯನ್ನಲ್ಲಿ ಮುಸ್ಸಂಜೆಯ ನೋವಿದೆ, ಕೇಳಿಸ್ತಾ?" ನನಗೆ ಕೇಳಿಸುತ್ತಿದ್ದದ್ದು ಅದೇ ಸಿ ಮೇಜರ್, ಮುಂದಿನ ಸ್ಟಾಪಿನಲ್ಲಿ ಬಸ್ ಹತ್ತಿದ ಹಾಗೆ. ಉಳಿದವರೆಲ್ಲ ತಲೆದೂಗಿದರು. ನಾನೂ ದೂಗಿದೆ. ಓದು ಬಿಟ್ಟವನಿಗೆ ಕಿವಿಯೂ ಇಲ್ಲ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು.

ಹಗಲು ಭಾವನ ಅಂಗಡಿಯಲ್ಲಿ ಅಲ್ಯೂಮಿನಿಯಂ ಕಿಟಕಿ ಕತ್ತರಿಸುತ್ತಿದ್ದೆ.

"ಏನೋ ಕಲೀತಿದೀಯಂತೆ?"

"ಮೋಡ್, ಭಾವ."

"ಮೋಡಾನಾ? ಕಲಿ ಕಲಿ. ಮಳೆ ಯಾವಾಗ ಅಂತ ಹೇಳು, ಗಾಜು ಒಳಗಿಡ್ತೀನಿ."

ಅಕ್ಕ ಕಿಸಕ್ಕನೆ ನಕ್ಕಳು. ಅದೇ ಹೆಚ್ಚು ಉರಿಯಿತು.

ಅಷ್ಟರಲ್ಲಿ ಊರಿನ ದೊಡ್ಡ ಹೋಟೆಲೊಂದರ ಬ್ಯಾಂಡಿಗೆ ಗಿಟಾರ್ ನುಡಿಸುವವನು ಬೇಕೆಂದು ಗೊತ್ತಾಯಿತು. ಕಾಯಂ ಕೆಲಸ. ಸಿಕ್ಕರೆ ಭಾವನ ಅಂಗಡಿಗೆ ಶಾಶ್ವತವಾಗಿ ಬೆನ್ನು ತೋರಿಸಬಹುದು. ಗಿಟಾರ್ ಹೆಗಲಿಗೇರಿಸಿ ಹೋದೆ.

ಪರೀಕ್ಷೆ ಮಾಡುತ್ತಿದ್ದವರು ಆ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವ ಹೆಂಗಸು. ನಮ್ಮತ್ತೆಯ ವಯಸ್ಸು, ಮೂಗಿನ ತುದಿಗೆ ಕನ್ನಡಕ. ಸಿ ಸ್ವರವೊಂದನ್ನೇ ಬಿಡದೆ ಮೀಟುತ್ತಾ, "ಇದರ ಮೇಲೆ ಸಿ ಡೋರಿಯನ್ ನುಡಿಸಪ್ಪ" ಎಂದರು.

ಡೋರಿಯನ್ ಅಂದರೆ ಡಿಯಿಂದ ತಾನೇ. ಡಿಯಿಂದಲೇ ಹೊರಟೆ. ಮುಸ್ಸಂಜೆಯ ನೋವಿನ ಮುಖವನ್ನೂ ಮಾಡಿಕೊಂಡೆ.

"ಅದು ಮೇಜರ್ ಕಣಪ್ಪ. ಬಾಗಿಲು ಬಿಟ್ಟು ಕಿಟಕಿಯಿಂದ ನುಗ್ಗಿದ್ರೆ ಮನೆ ಬೇರೆ ಆಗುತ್ತಾ? ಸಿಯಿಂದಲೇ ಹೊರಡು. ಮೂರನೇ ಸ್ವರ, ಏಳನೇ ಸ್ವರ, ಎರಡನ್ನೂ ಒಂದೊಂದು ಫ್ರೆಟ್ ಹಿಂದಕ್ಕೆ, ಅರ್ಧರ್ಧ ಸ್ವರ ಇಳಿಸು. ಮೂಲೇಲಿ ಕೂತು ನೋಡ್ಕೋ, ಆಮೇಲೆ ಇನ್ನೊಂದ್ಸಲ ಕೇಳ್ತೀನಿ."

ಕಿಟಕಿ ಇಲ್ಲಿಗೂ ಬಂತಲ್ಲ ಎಂದು ಹಲ್ಲು ಕಡಿಯುತ್ತ ಕೂತೆ. ಮುಂದಿನವರು ಒಳಗೆ ಬಂದರು. ನಮ್ಮ ಮೇಷ್ಟ್ರು. ನನ್ನನ್ನು ಕಂಡವರೇ ಗಿಟಾರ್ ಚೀಲದ ಜಿಪ್ಪಿನ ಜೊತೆ ಬಹಳ ಹೊತ್ತು ಗುದ್ದಾಡಿದರು. ಅವರಿಗೂ ಅದೇ ಪ್ರಶ್ನೆ. ಕಣ್ಣು ಮುಚ್ಚಿದರು, ಡಿಯಿಂದ ಹೊರಟರು.

"ನೀವಿಬ್ರೂ ಒಂದೇ ಕಡೆ ಕಲಿತಿದ್ದಾ?"

"ಈ ಹುಡುಗ ಯಾರೋ ಗೊತ್ತಿಲ್ಲ ಮೇಡಂ" ಎಂದರು ಮೇಷ್ಟ್ರು, ಕಣ್ಣು ತೆರೆಯದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಆಕೆ ಮತ್ತೆ ನನ್ನನ್ನು ಕರೆದಾಗ ಆ ಉರಿಯಲ್ಲೇ ಸಿ ಮೇಲೆ ಬೆರಳಿಟ್ಟೆ. ಮೂರನೆಯದನ್ನು ಇಳಿಸಿದೆ, ಏಳನೆಯದನ್ನು ಇಳಿಸಿದೆ. ಕೆಳಗೆ ಆಕೆಯ ಸಿ ಗುಂಯ್‌ಗುಡುತ್ತಿತ್ತು. ಹಾಳಾದ್ದು, ನಿಜವಾಗಿಯೂ ಮುಸ್ಸಂಜೆಯ ಹಾಗೇ ಇತ್ತು. ಮೇಷ್ಟ್ರು ಹೇಳಿದ್ದರಲ್ಲಿ ಅದೊಂದು ಸರಿಯಾಯಿತಲ್ಲ ಎಂದು ಸಿಟ್ಟು ಇನ್ನೂ ಏರಿತು.

"ಕೈ ಒರಟು. ಕಿವಿ ಇದೆ. ಸೋಮವಾರದಿಂದ ಬಾ."

ಮುಂದಿನ ವಾರ ನೋಡಿದರೆ ಡ್ರೈಕ್ಲೀನಿಂಗ್ ಅಂಗಡಿಯ ಮೆಟ್ಟಿಲ ಬಳಿ ನನ್ನದೇ ಫೋಟೋ, ಕೆಳಗೆ "ನಮ್ಮ ಹೆಮ್ಮೆಯ ಶಿಷ್ಯ". ಕ್ಲಾಸಿಗೆ ಹೊಸಬರು ನುಗ್ಗುತ್ತಿದ್ದಾರೆ. ಭಾವನೂ ಮಗಳನ್ನು ಸೇರಿಸಿ ಬಂದ.

ಬೇಡ, ಆ ಮನುಷ್ಯನಿಗೆ ಏನೂ ಬರಲ್ಲ ಎಂದೆ.

"ಸುಮ್ನಿರೋ" ಎಂದ ಭಾವ. "ನಿನ್ನಂಥವನನ್ನೇ ದಾರಿಗೆ ತಂದಿದ್ದಾರೆ."