ಜೇಬಿನಲ್ಲೇ ಉಳಿದ ಬೀಡಿ ಕಟ್ಟು

ಮಹಾಲಿಂಗಯ್ಯ ಗುಬ್ಬಿಯ ಹೊರಗಿದ್ದ ತೆಂಗಿನ ನಾರಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ೧೯೭೯ರ ಶಿವರಾತ್ರಿಯಂದು ಮಠಕ್ಕೆ ಹೋಗಿ, ಇನ್ನು ಬೀಡಿ ಮುಟ್ಟುವುದಿಲ್ಲವೆಂದು ಆಣೆ ಮಾಡಿ ಬಂದ. ಆದರೆ ಬೀಡಿ ಕಟ್ಟು, ಬೆಂಕಿಪೊಟ್ಟಣ ಎರಡೂ ಅಂಗಿಯ ಜೇಬಿನಲ್ಲೇ ಉಳಿದವು.

"ಎಸೆದ್ಬಿಡ್ರೀ ಅದನ್ನ. ನಂಗ್ಯಾಕೋ ಭಯ ಆಗುತ್ತೆ" ಅಂದಳು ಹೆಂಡತಿ ಗಂಗಾಂಬಿಕೆ.

"ಕಣ್ಣೆದುರು ಇಲ್ದೇ ಇದ್ರೆ ಯಾರ್ ಬೇಕಾದ್ರೂ ಬಿಡ್ತಾರೆ ಕಣೇ. ಜೇಬಲ್ಲಿಟ್ಕೊಂಡು ಬಿಡ್ಬೇಕು, ಅದು ಗಂಡಸ್ತನ."

ಅಂಗಿ ಒಗೆಯುವಾಗ ಒಮ್ಮೆ ಅವಳು ಕಟ್ಟನ್ನು ಬಚ್ಚಿಟ್ಟಳು. ಅವನು ಮನೆಯೆಲ್ಲ ಕೂಗಾಡಿ ವಾಪಸ್ ಇಸಿದುಕೊಂಡ. ಆಮೇಲೆ ಅವಳು ಸುಮ್ಮನಾದಳು.

ಕಾರ್ಖಾನೆಯಲ್ಲಿ ಅವನ ಹಟ ದೊಡ್ಡ ಮಾತಾಯಿತು. "ನಮ್ ಮೇಸ್ತ್ರಿ ಮನ್ಸು ಕಬ್ಣ ಕಣ್ರಲಾ" ಎಂದು ನಾರು ಒಣಗಿಸುವ ಕೆಂಪಯ್ಯ ಎಲ್ಲರಿಗೂ ಹೇಳುತ್ತಿದ್ದ. ಊಟವಾದ ಮೇಲೆ ಕೆಂಪಯ್ಯ ನಾರಿನ ರಾಶಿಯ ನೆರಳಲ್ಲಿ ನಿಶ್ಚಿಂತೆಯಿಂದ ಮಲಗುತ್ತಿದ್ದ.

ಬಿಸಿಲು ಏರಿತು. ಅಂಗಳದ ನಾರು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತ್ತು. ಅಂಥ ಒಂದು ಮಧ್ಯಾಹ್ನ ಆಫೀಸಿಗೆ ಕುಣಿಗಲ್ಲಿನಿಂದ ಫೋನ್ ಬಂತು. ಅಲ್ಲಿಗೆ ಕೊಟ್ಟಿದ್ದ ಮಗಳಿಗೆ ಹೆರಿಗೆ ಕಷ್ಟವಾಗಿದೆ, ತುಮಕೂರಿನ ಆಸ್ಪತ್ರೆಗೆ ಸಾಗಿಸುತ್ತಿದ್ದೇವೆ ಎಂದ ಅಳಿಯ. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಮಹಾಲಿಂಗಯ್ಯ ಹೊರಗೆ ಬಂದು ರಾಶಿಗಳ ನಡುವೆ ಅತ್ತಿಂದಿತ್ತ ಓಡಾಡಿದ. ತಲೆಯಲ್ಲಿ ಮಗಳೊಬ್ಬಳೇ. ಗಂಟಲಿಗೆ ಹೊಗೆ ತಾಗಿದಾಗಲೇ ಬೆರಳಿನ ನಡುವೆ ಉರಿಯುತ್ತಿದ್ದ ಬೀಡಿ ಅವನಿಗೆ ಕಂಡದ್ದು. ಹಚ್ಚಿದ್ದು ಯಾವಾಗ? ನೆನಪಿರಲಿಲ್ಲ. ಹಾವು ಹಿಡಿದವನ ಹಾಗೆ ಬೆಚ್ಚಿ ಕೈ ಕೊಡವಿದ. ಬೀಡಿ ನಾರಿನ ಮೇಲೆ ಬಿತ್ತು.

ಗಾಳಿ ಬೀಸುತ್ತಿತ್ತು. ಬೆಂಕಿ ಸದ್ದಿಲ್ಲದೆ ನಾರಿನ ಮೇಲೆ ಹರಿದು ರಾಶಿಯ ಆಚೆಗೆ ಹೋಯಿತು. ಆಚೆ ಕೆಂಪಯ್ಯ ಮಲಗಿದ್ದ.

ಸಂಜೆ ತುಮಕೂರಿನ ಆಸ್ಪತ್ರೆಯಲ್ಲಿ ಮಹಡಿಯ ಮೇಲೆ ಮಗಳು ಗಂಡು ಮಗು ಹೆತ್ತಳು. ಕೆಳಗಿನ ವಾರ್ಡಿನಲ್ಲಿ ಕೆಂಪಯ್ಯನಿಗೆ ಮೈತುಂಬ ಬ್ಯಾಂಡೇಜು. ಮಹಾಲಿಂಗಯ್ಯ ಮೇಲೆ ಹತ್ತಲಿಲ್ಲ. ವರಾಂಡದಲ್ಲಿ ಕೂತಿದ್ದ ಕೆಂಪಯ್ಯನ ಹೆಂಡತಿ ಚಿಕ್ಕಮಾರಮ್ಮನ ಎದುರು ಕುಸಿದು, ನಡೆದದ್ದನ್ನೆಲ್ಲ ಹೇಳಿದ.

"ಬೇಕಂತ ಹಚ್ಲಿಲ್ಲ ಕಣಮ್ಮ. ಕೈ ತಾನೇ ಹೋಯ್ತು."

ಅವಳು ತಲೆಯೆತ್ತಿದಳು. "ಕೈ ಹೋಗೋ ಜಾಗ್ದಲ್ಲಿ ಯಾಕ್ ಮಡಗಿದ್ರಿ, ಮೇಸ್ತ್ರೇ?"

ಒಳಗಿನಿಂದ ನರ್ಸ್, "ಕೆಂಪಯ್ಯನ ಕಡೆಯವ್ರು ಬೇಗ ಬನ್ನಿ" ಎಂದು ಕೂಗಿದಳು. ಮಹಾಲಿಂಗಯ್ಯನೂ ಎದ್ದ. ಚಿಕ್ಕಮಾರಮ್ಮ ಕೈಯಡ್ಡ ಹಿಡಿದು ಅವನನ್ನು ಅಲ್ಲೇ ತಡೆದು, ಒಬ್ಬಳೇ ಒಳಗೆ ಹೋದಳು.